ಮುಚ್ಚಳದೊಳಗಿನ ಚಿತ್ರ

ಮಂಗಳವಾರದಿಂದ ಆ ಹುಡುಗಿಯ ಮಾತೇ ತಲೆಯಲ್ಲಿ ಸುತ್ತುತ್ತಿದೆ.

ತುಮಕೂರಿನ ನಮ್ಮ ಲ್ಯಾಬಿನಲ್ಲಿ ಅವತ್ತು ನೆಟ್ ಇರಲಿಲ್ಲ, ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು. ಮಧ್ಯಾಹ್ನ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲು ಹುಡುಕುವ ಫೈಂಡ್ ಕಮಾಂಡ್ ಹೇಳಿಕೊಡುತ್ತಾ, ‘ಎಂಟೈಮ್ +1’ ಅಂದರೆ ಕೊನೆಯ ಸಲ ಬದಲಾಯಿಸಿ ಒಂದು ದಿನ ದಾಟಿದ ಫೈಲುಗಳು ಅಂದೆ. ಶಿರಾ ಕಡೆಯ ಹುಡುಗಿ ಎದ್ದಳು. "ಸಾರ್, ನಿನ್ನೆ ಬೆಳಿಗ್ಗೆ ಮಾಡಿದ್ದು ಬರ್ತಾನೇ ಇಲ್ಲ."

"ಮ್ಯಾನ್ ಪೇಜ್ ತೆಗೆದು ನೋಡಮ್ಮ."

ಯಂತ್ರದೊಳಗೇ ಇರಬೇಕಾದ ಆ ಕೈಪಿಡಿಯ ಪುಟ ಬರಲಿಲ್ಲ. ಬಳಕೆದಾರರು ಲಾಗಿನ್ ಆಗದ ಯಂತ್ರಕ್ಕೆ ಬೇಡವೆಂದು ತೆಗೆದಿದೆ, ಬೇಕಿದ್ದರೆ ‘ಅನ್‌ಮಿನಿಮೈಸ್’ ಕೊಡಿ ಅಂತ ಬಂತು. ಲಾಗಿನ್ ಆದ ಮಕ್ಕಳೇ ಎದುರಿಗೆ ಕೂತಿದ್ದಾರೆ! ಅದನ್ನು ಕೊಡಲೂ ನೆಟ್ ಬೇಕು.

"ಸಾರ್, ನಮ್ ಬೋರಿನ ಸ್ಟಾರ್ಟರ್ ಡಬ್ಬದ ಮುಚ್ಚಳದೊಳಗೇ ವೈರಿಂಗ್ ಚಿತ್ರ ಅಂಟ್ಸಿರ್ತಾರೆ. ಇದಕ್ಯಾಕಿಲ್ಲ?"

ಆ ಚಿತ್ರ ನನಗೂ ಗೊತ್ತು. ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಎತ್ತದಿದ್ದರೆ, ಅಪ್ಪ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಎಣ್ಣೆ ಕಲೆಯ ಆ ಹಾಳೆಯ ಮೇಲೆ ಬೆರಳಾಡಿಸುತ್ತಿದ್ದರು. ಚಿತ್ರ ಪೇಟೆಯ ಅಂಗಡಿಯಲ್ಲಿದ್ದಿದ್ದರೆ ಬೆಳಗಿನವರೆಗೆ ತೋಟ ಒಣಗಬೇಕಿತ್ತು.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟಿದವರಿಗೆ ಇದು ತಿಳಿದಿತ್ತು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಬರೆದ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3 ಅಂತಿದೆ. ಕಮಾಂಡಿನ ದೋಷಗಳನ್ನೂ ಅದೇ ಪುಟದಲ್ಲಿ ‘ಬಗ್ಸ್’ ಎಂದು ಬರೆದಿಟ್ಟರು. ಎಂಥ ಪ್ರಾಮಾಣಿಕತೆ! ಯುನಿಕ್ಸ್ ವಂಶದ ಇನ್ನೊಂದು ಸಿಸ್ಟಂ ಓಪನ್‌ಬಿಎಸ್‌ಡಿ ಕಟ್ಟುವವರು ಇವತ್ತಿಗೂ ಪುಟ ಓದಿಸುವ ಮ್ಯಾನ್‌ಡಾಕ್ ಎಂಬ ಸಾಧನವನ್ನು ಮೂಲ ವ್ಯವಸ್ಥೆಯಲ್ಲೇ ಇಟ್ಟಿದ್ದಾರೆ. ಕೈಪಿಡಿ ತಪ್ಪಿದ್ದರೆ ಅದನ್ನೂ ಬಗ್ ಅಂತಲೇ ಎಣಿಸುತ್ತಾರೆ.

ನಮ್ಮ ಯಂತ್ರಗಳಿಗೆ ಸಿಸ್ಟಂ ಹಾಕಿಕೊಟ್ಟಾತನನ್ನು ಕೇಳಿದೆ. "ಜಾಗ ಉಳಿಯುತ್ತೆ ಸಾರ್, ಗೂಗಲ್ ಐತಲ್ಲ" ಅಂದ. ಒಳ್ಳೆಯವನೇ, ರಾತ್ರಿ ಕರೆದರೂ ಬರುತ್ತಾನೆ. ಆದರೆ ಕಲಿಯುವವರ ಪಕ್ಕ ಒಂದು ದಿನವೂ ಕೂತವನಲ್ಲ. ಆ ಪುಟಗಳೆಲ್ಲ ಸೇರಿದರೂ ಒಂದು ಮದುವೆ ವಿಡಿಯೋದಷ್ಟಾಗುವುದಿಲ್ಲ. ಅಲ್ಲದೆ ಗೂಗಲ್ ಕೊಡುವ ಪುಟ ಯಾವ ಆವೃತ್ತಿಯದೋ. ನಮಗೆ ಬೇಕಿರುವುದು ಈ ಯಂತ್ರದೊಳಗಿನ ಫೈಂಡ್‌ನ ಪುಟ.

ಗುರುವಾರ ಬೇಗ ಹೋಗಿ, ಎಲ್ಲ ಯಂತ್ರಗಳಿಗೂ ಪುಟಗಳನ್ನು ಹಾಕಿದೆ. ಅವಳೇ ಮೊದಲು ತೆರೆದಳು. ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

"ಸಾರ್, ಗಂಟೆಗಳ ಲೆಕ್ಕ ಬಿಟ್ಟು ಪೂರ್ತಿ ದಿನ ಮಾತ್ರ ಎಣಿಸುತ್ತಂತೆ. +1 ಅಂದ್ರೆ ಎರಡು ದಿನ ಆಗಿರಲೇಬೇಕು. ನೀವು ಹೇಳಿದ್ದು ತಪ್ಪು."