ಸಕ್ರೆಬೈಲಿನಲ್ಲಿ ಒಂದು ಬೆಳಿಗ್ಗೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಸುಮಾರು 14 ಕಿಲೋಮೀಟರ್‌ಗೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡ. ಬೆಳಿಗ್ಗೆ ಬೇಗ ಹೋಗಬೇಕು. 11 ಗಂಟೆ ಹೊತ್ತಿಗೆ ಆನೆಗಳು ವಾಪಸ್ ಕಾಡಿಗೆ ಹೊರಟುಬಿಡುತ್ತವೆ.

ಹೌದು, ಕಾಡಿಗೇ. ಇಲ್ಲಿಯ ಆನೆಗಳು ರಾತ್ರಿ ಕಾಡಿನಲ್ಲೇ ಮೇಯುತ್ತವೆ. ಕಾಲಿಗೆ ಉದ್ದನೆಯ ಸರಪಳಿ ಇರುತ್ತದೆ. ಬೆಳಗಾದರೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ಕರೆತರುತ್ತಾರೆ.

ಒಂದು ಹೆಣ್ಣಾನೆ ನೀರಿಗಿಳಿದು ಮಗ್ಗುಲಾಗಿ ಮಲಗಿತು. ಸೊಂಡಿಲ ತುದಿ, ತಲೆಯ ಒಂದು ಮಗ್ಗುಲು ಮಾತ್ರ ಮೇಲೆ. ಮಾವುತ ಕಿವಿಯ ಹಿಂದೆ ಉಜ್ಜುತ್ತಿದ್ದ. ಕಿವಿಯಂಚಿನ ಮಾಸಲು ಗುಲಾಬಿ ಬಣ್ಣದ ಮೇಲೆ ಕಂದು ಚುಕ್ಕೆಗಳು. ಕಣ್ಣು ಅರ್ಧ ಮುಚ್ಚಿತ್ತು. ಅಷ್ಟು ಭಾರದ ಮೈಯನ್ನು ನೀರು ಹೊತ್ತುಕೊಂಡಾಗ ಎಷ್ಟು ಹಾಯೆನಿಸಬೇಕು ಅಲ್ವಾ?

"ನಾನೂ ಉಜ್ಜಲಾ?" ಎಂದಳು ಮಗಳು. ಬೇಡ ಮರಿ, ಸುಮ್ನೆ ನೋಡೋಣ ಅಂದೆ.

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ, ಸಿಮೆಂಟ್ ನೆಲದ ಮೇಲೆ ಕಟ್ಟಿದ್ದ ಆನೆಯೊಂದನ್ನು ನೋಡಿದ್ದೆವು. ತಲೆ ಆ ಕಡೆ ಈ ಕಡೆ ತೂಗುತ್ತಲೇ ಇತ್ತು. "ಡ್ಯಾನ್ಸ್ ಮಾಡ್ತಿದೆ ನೋಡಿ" ಎಂದರು ಯಾರೋ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಾಡಾನೆ ಹಾಗೆ ತೂಗುವುದಿಲ್ಲ, ಅದು ಕಟ್ಟಿಹಾಕಿದ ಆನೆಯ ಸಂಕಟ ಅಂತ ಆಮೇಲೆ ತಿಳಿಯಿತು. ಗಟ್ಟಿ ನೆಲದಲ್ಲಿ ನಿಂತೂ ನಿಂತೂ ಅಂಗಾಲು ಹುಣ್ಣಾಗುತ್ತದೆ, ಉಗುರು ಸೀಳುತ್ತದೆ. ದಿನದ ಮುಕ್ಕಾಲು ಪಾಲು ನಡೆಯುತ್ತಾ, ಮೇಯುತ್ತಾ ಕಳೆಯುವ ಪ್ರಾಣಿ ಅದು. ಸವಾರಿಯ ಕಥೆಯೂ ಅಷ್ಟೇ. ಆನೆಯ ಬೆನ್ನುಮೂಳೆ ಮೇಲಕ್ಕೆ ಚೂಪಾಗಿ ಎದ್ದಿರುತ್ತದೆ. ದಿನವಿಡೀ ಅಂಬಾರಿ ಕಟ್ಟಿ ಜನರನ್ನು ಹೊರಿಸಿದರೆ ಅಲ್ಲಿ ಗಾಯವಾಗದೆ ಇರುತ್ತದೆಯೇ? 2010ರಲ್ಲಿ ಆನೆಯನ್ನು ರಾಷ್ಟ್ರೀಯ ಪಾರಂಪರಿಕ ಪ್ರಾಣಿ ಎಂದು ಘೋಷಿಸಿದ ದೇಶ ನಮ್ಮದು. ಆ ಚಪ್ಪಾಳೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಕ್ರೆಬೈಲಿನಲ್ಲೂ ಸರಪಳಿ ಇದೆ, ಅದನ್ನು ಮರೆಯುವಂತಿಲ್ಲ. ಆದರೆ ಹೊಲಗದ್ದೆಗೆ ನುಗ್ಗುತ್ತಿದ್ದುದಕ್ಕೆ ಹಿಡಿದು ತಂದ ಆನೆಯನ್ನೋ, ಬಿಡಾರದಲ್ಲೇ ಹುಟ್ಟಿದ ಮರಿಯನ್ನೋ ಏಕಾಏಕಿ ಬಿಟ್ಟುಬಿಡುವುದು ಸುಲಭವಲ್ಲ. ಅವಕ್ಕೆ ರಾತ್ರಿಯ ಕಾಡು, ಬೆಳಗಿನ ನೀರಾದರೂ ಬೇಕೇ ಬೇಕು. ಆ ನೀರಿನ ಹೊತ್ತಿನಲ್ಲಿ ನಾವು ಸೆಲ್ಫಿಗೆಂದು ಮೈಮೇಲೆ ಬೀಳಬಾರದು.

ಸ್ನಾನ ಮುಗಿಯಿತು. ಹುಲ್ಲಿನಲ್ಲಿ ಭತ್ತ, ಬೆಲ್ಲ ಸುತ್ತಿದ ಕುಸುರೆ ತಿಂದು ಆನೆಗಳು ಹೊರಟವು. ಒದ್ದೆ ಮಣ್ಣಿನಲ್ಲಿ ಸರಪಳಿಯ ಗೀರು ಮರಗಳ ಕಡೆಗೆ ಹೋಗಿತ್ತು. ಮಗಳು ಅದನ್ನು ತುಳಿಯದೆ, ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು ನಿಂತಳು.