ಆರು ಬಲ್ಬುಗಳ ಹಲಗೆ

ಕಾರವಾರದಲ್ಲಿ ಎಲೆಕ್ಟ್ರಿಕಲ್ ಓದಿದವರಿಗೆ ಮಳೆಗಾಲದ ಮಷೀನ್ಸ್ ಲ್ಯಾಬ್ ಮರೆಯುವುದಿಲ್ಲ ಅಲ್ವಾ? ಕಿಟಕಿ ತೆರೆದರೆ ಸಮುದ್ರದ ಗಾಳಿ, ಹಿತ್ತಾಳೆ ಟರ್ಮಿನಲ್‌ಗಳ ಮೇಲೆಲ್ಲ ಹಸಿರು ಕಿಲುಬು.

ನನಗೆ ಜಾಸ್ತಿ ನೆನಪಿರುವುದು ಆಲ್ಟರ್ನೇಟರನ್ನು, ಅಂದರೆ ಎಸಿ ಕರೆಂಟ್ ಹುಟ್ಟಿಸುವ ಮಷೀನನ್ನು, ಸಪ್ಲೈ ಲೈನಿಗೆ ಸೇರಿಸಿದ ದಿನ. ಡಿಸಿ ಮೋಟರ್ ತಿರುಗಿಸುವ ಆಲ್ಟರ್ನೇಟರ್, ಪಕ್ಕದಲ್ಲಿ ಮರದ ಹಲಗೆ, ಅದರ ಮೇಲೆ ಮಷೀನಿಗೂ ಲೈನಿಗೂ ನಡುವಿನ ವೋಲ್ಟೇಜ್ ವ್ಯತ್ಯಾಸ ತೋರಿಸುವ ಆರು ಬಲ್ಬು. ಒಂದು ಫೇಸಿಗೆ ಎರಡು, ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು. ನಮ್ಮ ಮಷೀನಿನ ವೋಲ್ಟೇಜೂ ಲೈನಿನದೂ ಪೂರ್ತಿ ಎದುರುಬದುರಾದಾಗ, ಒಂದರ ಅಲೆ ಮೇಲಿದ್ದರೆ ಇನ್ನೊಂದರದು ಕೆಳಗಿದ್ದಾಗ, ಅವುಗಳ ಮೇಲೆ ಫೇಸ್ ವೋಲ್ಟೇಜಿನ ಎರಡರಷ್ಟು, ಅಂದರೆ ಸುಮಾರು 480 ವೋಲ್ಟ್ ಬೀಳುತ್ತದೆ, 230ರ ಒಂದೇ ಬಲ್ಬು ಹಾಕಿದರೆ ಸುಟ್ಟೇ ಹೋಗುತ್ತದೆ.

ನಾಲ್ಕು ಪೋಲಿನ, ಅಂದರೆ ನಾಲ್ಕು ಅಯಸ್ಕಾಂತ ಧ್ರುವಗಳ ಮಷೀನು, 50 ಹರ್ಟ್ಸ್ ಬರಬೇಕೆಂದರೆ ನಿಮಿಷಕ್ಕೆ 1500 ಸುತ್ತು. ವೇಗ ಹತ್ತಿರ ಬಂದಂತೆ ಬಲ್ಬುಗಳೆಲ್ಲ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ, ಆಮೇಲೆ ಅದು ನಿಧಾನ ಆಗುತ್ತಾ ಹೋಗುತ್ತದೆ. ಪೂರ್ತಿ ಕತ್ತಲಾದ ಹೊತ್ತಿಗೆ ಸ್ವಿಚ್ ಹಾಕಬೇಕು. ನಮ್ಮ ಬಲ್ಬುಗಳು ಮಾತ್ರ ನಿಧಾನ ಆಗಲೇ ಇಲ್ಲ. ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. ಆ ಮೂಲೆಯಲ್ಲಿದ್ದ ಲ್ಯಾಬ್ ಅಟೆಂಡರ್ ಮೋಟರಿನ ಸದ್ದು ಕೇಳಿಯೇ ಓಡಿ ಬಂದು ಮೇನ್ ಆಫ್ ಮಾಡಿದರು.

"ತಮಾ, ಮೊದ್ಲು ರಿಯೋಸ್ಟಾಟ್ ನೋಡು."

ಮೋಟರಿನ ವೇಗ ಹೊಂದಿಸಲು ಫೀಲ್ಡ್ ಕರೆಂಟನ್ನು, ಅಂದರೆ ಅದರೊಳಗೆ ಅಯಸ್ಕಾಂತದ ಬಲ ಹುಟ್ಟಿಸುವ ಕರೆಂಟನ್ನು, ಹೆಚ್ಚು ಕಡಿಮೆ ಮಾಡುವ ರೆಸಿಸ್ಟೆನ್ಸ್ ಅದು. ಅದರ ಜಾರುವ ಕಾಂಟ್ಯಾಕ್ಟಿನ ಅಡಿಯಲ್ಲಿ ಕಿಲುಬು ಕೂತಿತ್ತು. ಫೀಲ್ಡ್ ಕರೆಂಟ್ ಕಟ್ಟಾದರೆ ನಮ್ಮದರಂಥ ಶಂಟ್ ಮೋಟರ್ ಹಿಡಿತಕ್ಕೆ ಸಿಗದಷ್ಟು ವೇಗ ಹಿಡಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ, ಅದರ ಭಯ ಗೊತ್ತಾಗಿದ್ದು ಆವತ್ತೇ. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದೆವು. ಮತ್ತೆ ಶುರು ಮಾಡಿದಾಗ ಬಲ್ಬುಗಳು ಮೆಲ್ಲಗೆ ಆರಿದವು, ಗೆಳತಿ ಸ್ವಿಚ್ ಹಾಕಿದಳು, ಮಷೀನು ಒಂಚೂರೂ ಅಲುಗದೆ ಲೈನಿಗೆ ಸೇರಿಕೊಂಡಿತು. ಎಲ್ಲರೂ ಚಪ್ಪಾಳೆ ಹೊಡೆದೆವು.

ಮುಂದೆ ಕಂಪ್ಯೂಟರ್ ಲ್ಯಾಬ್ ಬಂತು. ಮ್ಯಾಟ್‌ಲ್ಯಾಬ್, ಬೆಂಗಳೂರಿನಲ್ಲೇ ತಯಾರಾದ ಮೈಪವರ್, ಹೀಗೆ ಸಾಫ್ಟ್‌ವೇರ್‌ಗಳು. ಅದೂ ನನಗೆ ಇಷ್ಟವೇ. ಲೋಡ್ ಫ್ಲೋ, ಅಂದರೆ ಗ್ರಿಡ್ಡಿನಲ್ಲಿ ಎಲ್ಲಿಂದ ಎಲ್ಲಿಗೆ ಎಷ್ಟು ವಿದ್ಯುತ್ ಹರಿಯುತ್ತದೆ ಅನ್ನುವ ಲೆಕ್ಕ ಮಾಡುವಾಗ, ಲೈನುಗಳು ಕೂಡುವ ಬಸ್ ಅನ್ನುವ ಜಾಗಗಳಿಗೆ ಸುಮ್ನೆ ಒಂದು, ಎರಡು ಅನ್ನದೆ ಕಾಳಿ ನದಿಯ ವಿದ್ಯುತ್ ಕೇಂದ್ರಗಳಾದ ನಾಗಝರಿ, ಕೊಡಸಳ್ಳಿ, ಕದ್ರಾ ಅಂತ ಹೆಸರಿಟ್ಟಿದ್ದೆವು. ಕದ್ರಾಕ್ಕೆ 50 ಮೆಗಾವ್ಯಾಟಿನ ಮೂರು ಜನರೇಟರ್, ಕೊಡಸಳ್ಳಿಗೆ 40ರ ಮೂರು. ನಮ್ಮ ಕಾಳಿ ನದಿ ಪರದೆಯ ಮೇಲೆ ಬಂದಂತೆ ಖುಷಿ. ಇಡೀ ಗ್ರಿಡ್ಡನ್ನು ಲ್ಯಾಬಿಗೆ ತರಲು ಬೇರೆ ದಾರಿಯೂ ಇಲ್ಲ. ಆದರೆ ಅಲ್ಲಿನ ರಿಯೋಸ್ಟಾಟಿಗೆ ಕಿಲುಬು ಹಿಡಿಯುವುದಿಲ್ಲ, ಸದ್ದು ಕೇಳಿ ಓಡಿ ಬರುವ ಹಾಗೂ ಇಲ್ಲ.

ಈಗ ಲ್ಯಾಬಿಗೆ ಹೊಸ ಪ್ಯಾನಲ್ ಬರುತ್ತದಂತೆ. ಬರಲಿ. ಆ ಹಲಗೆ ಇನ್ನೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬಲ್ಬು ನಾನು ತಂದುಕೊಡುತ್ತೇನೆ.