ಪುನರ್ವಸು ಮಳೆಯಲ್ಲಿ ಒಂದು ಟ್ರಂಕು ಕ್ಯಾಸೆಟ್

ಪುನರ್ವಸು ಮಳೆ ಹಿಡಿದ ಭಾನುವಾರ, ತೀರ್ಥಹಳ್ಳಿ ಕಡೆಯ ಹಳೇ ಮನೆ. ಬೆಳಿಗ್ಗೆ ಎಂಟಕ್ಕೆ ಅಟ್ಟದಿಂದ ತಗಡಿನ ಟ್ರಂಕು ಇಳಿಯಿತು. ಒಳಗೆ 41 ಕ್ಯಾಸೆಟ್. ಮೇಲಿನ ಸಾಲಲ್ಲಿ ಸುಪ್ರಭಾತ, ದಾಸರ ಪದ, ಭಾವಗೀತೆ. ಮನೆಗೆ ಬಂದವರ ಕಣ್ಣಿಗೆ ಬೀಳಲಿ ಅಂತಲೇ ಜೋಡಿಸಿದ ಹಾಗೆ. ಅದರಡಿ ಹಳೇ ಪೇಪರಿನ ಹಾಳೆ. ಹಾಳೆ ಎತ್ತಿದರೆ ಎಸ್ಪಿಬಿ, ಜಾನಕಿ, ರಾಜನ್‌-ನಾಗೇಂದ್ರ, ಹಂಸಲೇಖ. ಬರೀ ಡ್ಯುಯೆಟ್ಟುಗಳ ರಾಶಿ.

ಯಾವುದು ಹೆಚ್ಚು ಓಡಿದೆ ಅಂತ ಮನೆಯವರನ್ನು ಕೇಳಬೇಕಾಗಿಲ್ಲ. ಕ್ಯಾಸೆಟ್ಟಿನ ತೆರೆದ ಅಂಚಿನ ನಡುವೆ, ಟೇಪಿನಿಂದ ಹಾಡು ಓದುವ ಹೆಡ್ಡು ಬಂದು ತಾಗುವ ಕಡೆ, ತಾಮ್ರದ ಬಣ್ಣದ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದರ ಮೇಲೆ ಉದ್ದಿನ ಬೇಳೆಯಷ್ಟು ಫೆಲ್ಟು, ಅಂದರೆ ಮೆತ್ತನೆ ಬಟ್ಟೆಯ ಚೂರು. ಟೇಪನ್ನು ಹಿಂದಿನಿಂದ ಒತ್ತಿ ಹೆಡ್ಡಿಗೆ ತಾಗಿಸುವುದು ಅದರ ಕೆಲಸ. ಸಾವಿರ ಸಲ ಕೇಳಿದ ಕ್ಯಾಸೆಟ್ಟಿನಲ್ಲಿ ಫೆಲ್ಟಿನ ಮೇಲೆ ಟೇಪಿನ ಅಗಲಕ್ಕೆ ಸರಿಯಾಗಿ ಕಂದು ಗೆರೆ ಬಿದ್ದು ತಗ್ಗಾಗಿರುತ್ತದೆ. ಈ ಟ್ರಂಕಿನ ಸುಪ್ರಭಾತದ ಫೆಲ್ಟು ಅರಳೆಯಷ್ಟು ಬಿಳಿ. ಡ್ಯುಯೆಟ್ಟಿನದು ಕಾಫಿ ಸೋಸುವ ಬಟ್ಟೆಯ ಬಣ್ಣ. ಎದೆ ಮುಟ್ಟಿ ಹೇಳಿ, ಯಾರ ಮನೆಯಲ್ಲಿ ಹೀಗಿಲ್ಲ?

ಭಾವಗೀತೆಯನ್ನು ಹೀಗಳೆಯುವ ಮಾತಲ್ಲ ಇದು. ಕನ್ನಡ ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆದದ್ದು 1978ರ ‘ನಿತ್ಯೋತ್ಸವ’. ಬರೆದ ನಿಸಾರ್ ಅಹಮದ್ ಇದೇ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ರಾಗ ಹಾಕಿ ಹಾಡಿದವರು ಮೈಸೂರು ಅನಂತಸ್ವಾಮಿ. ಅದು ಮೇಲಿನ ಸಾಲಲ್ಲೇ ಇರಲಿ. ತಕರಾರು ಇರುವುದು ಆ ಪೇಪರಿನ ಹಾಳೆಯ ಬಗ್ಗೆ. ಡ್ರಮ್ ಮೆಷಿನ್ನಿನ ಏಟಿಗೆ ಕಾಲು ತಾನೇ ಕುಣಿಯುವಾಗ ‘ಅಯ್ಯೋ, ಸುಮ್ಮನೆ ಹಾಕಿದ್ದು’ ಅನ್ನುವ ಸಮಜಾಯಿಷಿ ಯಾಕೆ ಬೇಕು?

ಆ ದಿನದ ಮೊದಲ ಕೆಲಸ ಬೇರ್ಪಡಿಸುವುದು. ಜಗಲಿಯ ಬೆಳಕಿಗೆ ಹಿಡಿದು ಕಿಟಕಿಯ ಮೂಲಕ ಟೇಪಿನ ಸುತ್ತನ್ನು ನೋಡಬೇಕು. ಮೇಲ್ಮೈ ನುಣುಪಾಗಿ ಒಂದೇ ಬಣ್ಣ ಇದ್ದರೆ ಸರಿ. ಬೂದಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಜೇಡರ ಬಲೆಯಂಥ ಗೆರೆ ಕಂಡರೆ ಬೂಷ್ಟು. ಮಲೆನಾಡಿನ ಆರು ತಿಂಗಳ ಥಂಡಿಗೆ ಇದು ತಪ್ಪಿದ್ದಲ್ಲ. ಲೇಬಲ್ಲಿನ ಕಾಗದಕ್ಕೆ ಮಾತ್ರ ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸುತ್ತಿಗೇ ಹಿಡಿದಿದ್ದರೆ ಅದನ್ನು ಯಾವ ಕಾರಣಕ್ಕೂ ಪ್ಲೇಯರಿಗೆ ಹಾಕಬಾರದು. ಬೂಷ್ಟಿನ ಪುಡಿ ಹೆಡ್ಡಿಗೂ ಟೇಪು ಎಳೆಯುವ ರಬ್ಬರ್ ಚಕ್ರಕ್ಕೂ ಮೆತ್ತಿ ಮುಂದಿನ ಹತ್ತು ಕ್ಯಾಸೆಟ್ಟಿಗೆ ದಾಟುತ್ತದೆ. 41ರಲ್ಲಿ ಏಳು ಹೀಗೆ ಪಕ್ಕಕ್ಕೆ ಹೋದವು.

ಹಸಿ ಬೂಷ್ಟನ್ನು ಒರೆಸಲು ಹೋದರೆ ಕೆಸರಿನ ಹಾಗೆ ಹರಡುತ್ತದೆ. ಮೊದಲು ಒಣಗಬೇಕು. ಇಲ್ಲಿ ಎಲ್ಲರ ಕೈಯೂ ಬಚ್ಚಲ ಒಲೆಯ ಕಡೆ ಹೋಗುತ್ತದೆ: ಕಂಬಳಿ, ಬೆಂಕಿಪೊಟ್ಟಣ, ಮಕ್ಕಳ ಯೂನಿಫಾರ್ಮು ಎಲ್ಲ ಒಣಗುವುದು ಅಲ್ಲೇ ತಾನೇ. ಕ್ಯಾಸೆಟ್ಟಿಗೆ ಆ ಕಾವು ಆಗದು. ಪ್ಲಾಸ್ಟಿಕ್ ಚಿಪ್ಪು ಸೊಟ್ಟಗಾದರೆ ಒಳಗಿನ ಸುರುಳಿ ಉಜ್ಜಿ ಕೀರಲು ಸದ್ದು ಬರುತ್ತದೆ. ಹೊಗೆಯ ಜಿಡ್ಡು ಬೇರೆ. ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಪುಡಿ ಬೂಷ್ಟಿಗೇ ಊಟ. ಗಾಳಿಯಾಡದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ 100 ಗ್ರಾಂ ಹಾಕಿ ನಾಲ್ಕೈದು ದಿನ ಮುಚ್ಚಿಡಬೇಕು. ಕಿತ್ತಳೆ ಬಣ್ಣದ ಹರಳು ಹಸಿರಾದರೆ ನೀರು ಕುಡಿದಿದೆ ಎಂದರ್ಥ. ದಪ್ಪ ತಳದ ಬಾಂಡ್ಲಿಯಲ್ಲಿ ಸಣ್ಣ ಉರಿಗೆ ಅರ್ಧ ಗಂಟೆ ಹುರಿದರೆ ಮತ್ತೆ ಕಿತ್ತಳೆ. ಅಡುಗೆಗೆ ಆ ಬಾಂಡ್ಲಿ ಬೇಡ. ಒಣಗಿದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿ, ಹೋದರೆ ಹೋಗಲಿ ಅನ್ನುವಂಥ ಒಂದು ಹಳೇ ಪ್ಲೇಯರಿನಲ್ಲಿ ಟೇಪನ್ನು ಮುಂದಕ್ಕೆ ಓಡಿಸುತ್ತ, ನೂಲು ಬಿಡದ ಬಟ್ಟೆಯನ್ನು ಮೆತ್ತಗೆ ತಾಗಿಸಿ ಹಿಡಿದರೆ ಪುಡಿ ಬಟ್ಟೆಗೆ ಬರುತ್ತದೆ.

ಟೇಪ್ ರೆಕಾರ್ಡರಿನ ಸರದಿ ಹತ್ತು ಗಂಟೆಗೆ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಮೊದಲು ಸಾಯುವುದು ಮೋಟರಿನಿಂದ ಚಕ್ರ ತಿರುಗಿಸುವ ಬೆಲ್ಟು. ರಬ್ಬರು ಕರಗಿ ಟಾರಿನಂತೆ ಚಕ್ರಕ್ಕೆ ಅಂಟಿರುತ್ತದೆ; ಕೈಗೆ ಹತ್ತಿದರೆ ಸೋಪಿಗೆ ಬಿಡುವುದಿಲ್ಲ, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲಿಗೇ ಬಿಡಬೇಕು. ಹಳೇ ಬೆಲ್ಟಿನ ಅಳತೆ ಸಿಗದಿದ್ದರೆ ಚಕ್ರಗಳ ಸುತ್ತ ದಾರ ಹಾಕಿ ಅಳೆದು, ಅದಕ್ಕಿಂತ ನೂರಕ್ಕೆ ಐದಾರು ಪಾಲು ಚಿಕ್ಕದನ್ನು ತರಬೇಕು. ತೀರಾ ಬಿಗಿಯಾದರೆ ಮೋಟರು ಏದುಸಿರು ಬಿಡುತ್ತದೆ, ಸಡಿಲಾದರೆ ಸ್ವರ ಜೋಲುತ್ತದೆ.

ಹೆಡ್ಡನ್ನು ಅದೇ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಕಡ್ಡಿಗೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ರಬ್ಬರ್ ಚಕ್ರಕ್ಕೆ ಆಲ್ಕೋಹಾಲು ಪದೇ ಪದೇ ಬೇಡ, ಒಣಗಿ ಬಿರಿಯುತ್ತದೆ. ಸೋಪುನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರಲು ಬಿಟ್ಟರಾಯಿತು. ಆ ದಿನ ಈ ಚಕ್ರದ ಒಂದು ಅಂಚನ್ನು ಒರೆಸುವುದು ಬಿಟ್ಟುಹೋಗಿತ್ತು. ಮೊದಲ ಕ್ಯಾಸೆಟ್ಟಿನ ಮೂರನೇ ನಿಮಿಷಕ್ಕೆ ಜಿಡ್ಡಿಗೆ ಟೇಪು ಅಂಟಿ, ಒಳಗೇ ಸುತ್ತಿಕೊಂಡು ಶಾವಿಗೆಯಾಯಿತು. ಎಳೆದರೆ ಕೆಟ್ಟಿತು. ಕರೆಂಟಿನ ವಯರು ಕಿತ್ತು, ಚಕ್ರವನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತ ಎಳೆಎಳೆಯಾಗಿ ಬಿಡಿಸಿ, ಆರು ಮೂಲೆಯ ಪೆನ್ಸಿಲ್ ಹಾಕಿ ಸುತ್ತಬೇಕು. ಸುಕ್ಕಾದ ಜಾಗದಲ್ಲಿ ಹಾಡು ಒಂದು ಕ್ಷಣ ನೀರಿಗೆ ಮುಳುಗಿ ಎದ್ದಂತೆ ಕೇಳುತ್ತದೆ, ಅಷ್ಟು ನಷ್ಟ ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ನೋಡುತ್ತ ಕೂತಿದ್ದ ಹುಡುಗ ಕೇಳಿಯೇಬಿಟ್ಟ: “ಮಾವ, ಇವೆಲ್ಲ ಯೂಟ್ಯೂಬಲ್ಲೇ ಇರತ್ತಲ್ಲ ಮಾರಾಯ್ರೇ?”

ಇರತ್ತೆ. ಆದರೆ ಅಲ್ಲಿ ಸಿಗುವುದು ಬಿಡಿ ಹಾಡು, ಕ್ಯಾಸೆಟ್ಟಿನದು ಸಾಲು. 1987ರಲ್ಲಿ ‘ಪ್ರೇಮಲೋಕ’ ಬಂದ ಮೇಲೆ ಹಂಸಲೇಖರ ಹಾಡು ಕೇಳದ ಮನೆಯಿಲ್ಲ. ಆ ಕಾಲದ ಕ್ಯಾಸೆಟ್ಟು ಸವೆಸಿದವರನ್ನು ಕೂರಿಸಿ ಒಂದು ಹಾಡು ಹಾಕಿ ನೋಡಿ: ಅದು ಮುಗಿದು ಮೂರು ಸೆಕೆಂಡಿನ ಮೌನ ಬರುವಾಗಲೇ ತಲೆಯೊಳಗೆ ಮುಂದಿನ ಹಾಡಿನ ಮೊದಲ ಸ್ವರ ಸರಿಯಾದ ಶ್ರುತಿಯಲ್ಲೇ ಶುರುವಾಗಿರುತ್ತದೆ. ಯೂಟ್ಯೂಬು ಅಲ್ಲಿ ಬೇರೇನೋ ಹಾಕಿದರೆ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತದೆ.

ಆ ಶ್ರುತಿ ಸರಿಬರಬೇಕಾದರೆ ವೇಗ ಸರಿಯಿರಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಾಗಿನಿಂದ ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಇದು ನೂರಕ್ಕೆ ಆರರಷ್ಟು ತಪ್ಪಿದರೆ ಹಾಡು ಪೂರ್ತಿ ಅರ್ಧ ಸ್ವರ ಕೆಳಗೆ ಅಥವಾ ಮೇಲೆ. 3150 ಹರ್ಟ್ಜ್ ಸ್ವರದ ಟೆಸ್ಟ್ ಕ್ಯಾಸೆಟ್ ಇದ್ದರೆ ಮೊಬೈಲಿನ ಟ್ಯೂನರ್ ಆಪ್ ಮುಂದಿಟ್ಟು ಹೊಂದಿಸಬಹುದು. ಇಲ್ಲದಿದ್ದರೆ ಕಂಪನಿ ಕ್ಯಾಸೆಟ್ಟಿನ ಒಂದು ಹಾಡನ್ನು ಸ್ಟಾಪ್‌ವಾಚ್ ಹಿಡಿದು ಅಳೆದು, ಅದೇ ಹಾಡಿನ ಸಿಡಿಯ ಅವಧಿಗೆ ಹೋಲಿಸಬೇಕು. ನಾಲ್ಕೂವರೆ ನಿಮಿಷದ ಹಾಡಿನಲ್ಲಿ 2.7 ಸೆಕೆಂಡು ವ್ಯತ್ಯಾಸ ಎಂದರೆ ನೂರಕ್ಕೆ ಒಂದು. ಎಷ್ಟೋ ಮೋಟರುಗಳ ಹಿಂಬದಿಯ ತೂತಿನಲ್ಲಿ ವೇಗದ ತಿರುಪಿರುತ್ತದೆ, ಕೂದಲೆಳೆಯಷ್ಟು ತಿರುಗಿಸಿದರೆ ಸಾಕು. ಬೆಲ್ಟು ಜೋಲುತ್ತಿದೆಯೇ ಎಂದು ಪತ್ತೆಹಚ್ಚಲು ಡ್ರಮ್ಮಿನ ಹಾಡು ಉಪಯೋಗಕ್ಕಿಲ್ಲ, ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಎಪ್ಪತ್ತರ ದಶಕದ ರಾಜನ್‌-ನಾಗೇಂದ್ರರ ಒಂದು ಹಾಡು ಹಾಕಿ, ಕೊಳಲು ಒಂದೇ ಸ್ವರದಲ್ಲಿ ನಿಂತ ಕಡೆ ಕಿವಿಗೊಡಿ. ಕೊಳಲು ನಡುಗಿದರೆ ತಪ್ಪು ಹೆಚ್ಚಾಗಿ ಬೆಲ್ಟಿನದು.

ಇನ್ನು ಹೆಡ್ಡಿನ ಓರೆ; ಹೆಡ್ಡು ಟೇಪಿಗೆ ನೆಟ್ಟಗೆ ನಿಲ್ಲದಿದ್ದರೆ ಹಾಡು ಮಂಕು. ಹೆಡ್ಡಿನ ಪಕ್ಕ ಎರಡು ತಿರುಪು. ಒಂದರ ಕೆಳಗೆ ಸ್ಪ್ರಿಂಗ್ ಇರುತ್ತದೆ, ತಿರುಗಿಸಬೇಕಾದ್ದು ಅದನ್ನು. ಮುಟ್ಟುವ ಮೊದಲು ಅದು ಇದ್ದ ಜಾಗಕ್ಕೆ ಉಗುರುಬಣ್ಣದಿಂದ ಗುರುತು ಹಾಕಿ. ಎರಡೂ ಚಾನೆಲನ್ನು ಒಂದಾಗಿಸಿ ಮೋನೊ ಮಾಡಿ, ತಾಳ, ಗೆಜ್ಜೆ ಚೆನ್ನಾಗಿರುವ ಹಾಡು ಹಾಕಿ, ಎಂಟನೇ ಒಂದು ಸುತ್ತಿಗಿಂತ ಹೆಚ್ಚಿಲ್ಲದಂತೆ ಆಚೀಚೆ ಮಾಡಿದರೆ ಒಂದು ಕಡೆ ಗೆಜ್ಜೆ ತಟ್ಟನೆ ಹೊಳೆಯುತ್ತದೆ. ಆ ಮಧ್ಯಾಹ್ನ ಹಾಗೆ ಹೊಳೆದಾಗ ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ‘ಹಳೇ ಹಾಡು, ಹೀಗೇ ಮಂಕು’ ಅಂದುಕೊಂಡವರು ಆ ಗೆಜ್ಜೆಯನ್ನೇ ಕೇಳಿರುವುದಿಲ್ಲ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳಿಗೆ ಇದನ್ನು ಒಂದೊಂದಕ್ಕೂ ಬೇರೆ ಮಾಡಬೇಕು. ತುಂಬಿಸಿದ ಯಂತ್ರದ ಓರೆ ಟೇಪಿನಲ್ಲೇ ಅಚ್ಚಾಗಿರುತ್ತದೆ.

ಗೆಜ್ಜೆ ಎಷ್ಟು ತಿರುಗಿಸಿದರೂ ಬಾರದಿದ್ದರೆ ಆ ಉದ್ದಿನಬೇಳೆ ಫೆಲ್ಟು ಉದುರಿದೆ ಎಂದೇ ಲೆಕ್ಕ. ಥಂಡಿಗೆ ಅಂಟು ಬಿಡುತ್ತದೆ, ಅದರಲ್ಲೂ ಹೆಚ್ಚು ಓಡಿದ್ದಕ್ಕೆ. ಡ್ಯುಯೆಟ್ಟುಗಳಲ್ಲಿ ಒಂಬತ್ತಕ್ಕೆ ಫೆಲ್ಟಿರಲಿಲ್ಲ. ಬದಲಿ ಸಿಕ್ಕಿದ್ದು ಅದೇ ಟ್ರಂಕಿನ ಯಾವುದೋ ಚುನಾವಣಾ ಭಾಷಣದ ಎರಡು ಕ್ಯಾಸೆಟ್ಟಿನಿಂದ, ಜೊತೆಗೆ ಅಂಗಡಿಯಿಂದ ತಂದ ಕಡಿಮೆ ಬೆಲೆಯ ಖಾಲಿ ಕ್ಯಾಸೆಟ್ಟುಗಳಿಂದ. ಐದು ತಿರುಪು ಬಿಚ್ಚಿ, ಚಿಪ್ಪು ಮಲಗಿಸಿ, ಮೇಲಿನ ಭಾಗ ಎತ್ತಬೇಕು. ಅದಕ್ಕೆ ಮೊದಲು ಊದುವ ಫ್ಯಾನು ಆರಿಸಿ. ಎತ್ತಿದ ತಕ್ಷಣ ಮೊಬೈಲಿನಲ್ಲಿ ಒಂದು ಫೋಟೊ: ಎಡಗಡೆ ಸುರುಳಿ, ಮೂಲೆಯ ಚಕ್ರ, ಫೆಲ್ಟಿನ ಮುಂದೆ, ಇನ್ನೊಂದು ಮೂಲೆಯ ಚಕ್ರ, ಬಲಗಡೆ ಸುರುಳಿ, ಇದು ಟೇಪಿನ ದಾರಿ. ಸ್ಪ್ರಿಂಗ್ ಪಟ್ಟಿ ಸಮೇತ ಚಿಮಟದಿಂದ ಎತ್ತಿ ಕೂರಿಸಿದರೆ ಮುಗಿಯಿತು. ಮುಚ್ಚುವಾಗ ಟೇಪು ಒಂದು ಮಗ್ಗುಲು ತಿರುಚಿಕೊಂಡರೆ ಒಳ್ಳೇ ತಮಾಷೆ: ಬಿ ಸೈಡಿನ ಹಾಡು ಮಂಕಾಗಿ, ಹಿಂದುಮುಂದಾಗಿ ಬರುತ್ತದೆ. ಒಂದು ಸಲ ಹಾಗೂ ಆಯಿತು. ಎಸ್ಪಿಬಿ ಯಾವುದೋ ಪರದೇಶದ ಭಾಷೆಯಲ್ಲಿ ಹಾಡಿದರು.

ಊಟ ಆದ ಮೇಲೆ ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳು. ಹಾಡಿನ ಪಟ್ಟಿ ಬರೆದುಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದ ಕಾಲದ್ದು. ಸಿ-60 ಆದರೆ ಒಂದು ಮಗ್ಗುಲಿಗೆ 30 ನಿಮಿಷ, ಆರು ಹಾಡು. ಜಿಪುಣರು ಸಿ-90 ಕೊಡುತ್ತಿದ್ದರು, ಹತ್ತು ಹಾಡು ಹಿಡಿಯಲಿ ಅಂತ. ಅದರ ಟೇಪು ತೆಳು; ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದರೆ ಒಂದು ಸುತ್ತಿನ ಹಾಡು ಪಕ್ಕದ ಸುತ್ತಿಗೆ ಇಳಿದು, ಹಾಡು ಶುರುವಾಗುವ ಒಂದೆರಡು ಸೆಕೆಂಡು ಮೊದಲೇ ಅದರ ನೆರಳು ಪಿಸುಗುಟ್ಟುತ್ತದೆ. ಕೇಳುವ ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿದರೆ ಅದು ಸ್ವಲ್ಪ ತಗ್ಗುತ್ತದೆ, ಸುತ್ತಿನ ಬಿಗಿಯೂ ಸಮನಾಗುತ್ತದೆ.

ಆ ಪಟ್ಟಿಗಳನ್ನು ಓದುವುದೇ ಒಂದು ಸುಖ. ಏಳನೇ ಹಾಡಿಗೆ ಜಾಗ ಸಾಲದೆ ಎರಡನೇ ಚರಣದ ನಡುವೆ ‘ಟಪ್’. ಆ ಮನೆಯವರು ಇವತ್ತಿಗೂ ಆ ಹಾಡನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನೊಂದು ಕ್ಯಾಸೆಟ್ಟು ರೇಡಿಯೋದ್ದು, 675 ಕಿಲೋಹರ್ಟ್ಜಿನ ಭದ್ರಾವತಿ ಆಕಾಶವಾಣಿಯಿಂದ ಹಿಡಿದದ್ದು. ಮೀಡಿಯಂ ವೇವಿನಲ್ಲಿ ಗೆಜ್ಜೆಯ ಸದ್ದು ಬಂದೇ ಇರುವುದಿಲ್ಲ, ಟ್ರೆಬಲ್ ಏರಿಸಿದರೆ ಏರುವುದು ಬರೀ ಸರಸರ. ಅದನ್ನು ಹಾಗೇ ಬಿಡುವುದು ಲೇಸು. ಉದ್ಘೋಷಕಿಯ ದನಿಯನ್ನು ಮಾತ್ರ ಕತ್ತರಿಸಬೇಡಿ, ಹಿಂದಿನಿಂದ ಕೇಳುವ ಹೆಂಚಿನ ಮೇಲಿನ ಮಳೆಯನ್ನೂ.

ಕಂಪ್ಯೂಟರಿಗೆ ಇಳಿಸುವುದು ಸಂಜೆಯ ಕೆಲಸ, ಅಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಲೈನ್ ಔಟಿನಿಂದ ಲೈನ್ ಇನ್ನಿಗೆ ವಯರು. ಹೆಡ್‌ಫೋನ್ ತೂತೊಂದೇ ಇದ್ದರೆ ವಾಲ್ಯೂಮ್ ಕಾಲುಭಾಗದಿಂದ ಶುರು ಮಾಡಿ. ರೆಕಾರ್ಡ್ ಮಾಡುವ ತಂತ್ರಾಂಶ ಆಡಾಸಿಟಿಯಲ್ಲಿ 44.1 ಕಿಲೋಹರ್ಟ್ಜ್, 24 ಬಿಟ್. ಅತಿ ಜೋರಾದ ಕಡೆಯೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಒಂದು ಸಿ-60ಕ್ಕೆ ಸುಮಾರು 950 ಎಂಬಿ ಬೇಕು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ, ಚಾರ್ಜರು ಹಾಕಿದರೆ ಗುಂಯ್ ಅನ್ನುವ ಸದ್ದು ಸೇರುತ್ತದೆ. ಇಲ್ಲಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ದೇವರೇ ಬಲ್ಲ, ಒಂದೊಂದು ಮಗ್ಗುಲು ಮುಗಿದ ಕೂಡಲೇ ಸೇವ್ ಮಾಡಬೇಕು. ಆ ದಿನ ಎರಡು ಸಲ ಹೋಯಿತು. ಸರಸರ ತೆಗೆಯುವ ಫಿಲ್ಟರನ್ನು 6 ಡೆಸಿಬೆಲ್‌ಗಿಂತ ಏರಿಸಿದರೆ ಜಾನಕಿಯವರ ದನಿ ಗುಳುಗುಳು ಅನ್ನುತ್ತದೆ. ಏನೂ ಮಾಡದ ಮೂಲ ಫೈಲನ್ನು ಬೇರೆಯಾಗಿ ಇಟ್ಟೇ ಇಂಥ ಆಟ ಆಡಬೇಕು.

ರಾತ್ರಿ ಎಂಟೂವರೆಗೆ ಮೂರು ಕ್ಯಾಸೆಟ್ಟು ಮುಗಿದಿದ್ದವು. ಅರ್ಧಕ್ಕೆ ನಿಂತ ಹಾಡಿಗೆ ಉಳಿದ ಚರಣವನ್ನು ನೆಟ್ಟಿನಿಂದ ತಂದು ಅಂಟಿಸಲೇ ಅಂತ ಹುಡುಗ ಕೇಳಿದ. ಬೇಡ ಅಂತ ಅಡುಗೆಮನೆಯಿಂದಲೇ ತೀರ್ಪು ಬಂತು. ಫೈಲಿನ ಹೆಸರು: ‘ಕ್ಯಾಸೆಟ್ 14, ಎ ಸೈಡ್’.

ಮುಗಿದವನ್ನು ಪುಸ್ತಕದ ಹಾಗೆ ನಿಲ್ಲಿಸಿ, ಸ್ಪೀಕರಿನಿಂದ ದೂರದ ಕಪಾಟಿನ ಡಬ್ಬಿಗೆ ಸೇರಿಸಿದ್ದಾಯಿತು. ಈ ಸಲ ಡ್ಯುಯೆಟ್ಟುಗಳೇ ಮುಂದೆ. ಬೂಷ್ಟಿನ ಏಳು ಮಾತ್ರ ಸಿಲಿಕಾ ಜೆಲ್ಲಿನ ಜೊತೆ ಗುರುವಾರದವರೆಗೆ ಮುಚ್ಚಿರಬೇಕು. ಅದರಲ್ಲೊಂದರ ಮೇಲೆ ನೀಲಿ ಶಾಯಿಯಲ್ಲಿ ‘ಕುಣಿಯೋ ಹಾಡು, ಯಾರಿಗೂ ಕೊಡಬಾರದು’ ಅಂತ ಬರೆದಿದೆ.